ಹಡಗು ಸಿದ್ಧ, ನಾವಿಕರಿಗೆ ಜಾಗವೆಲ್ಲಿ?

ಊಟದ ಮೇಜಿನ ಮೇಲೆ ನೀಲಿ ಬಟ್ಟೆ ಹಾಸಿದರೆ ಅದೇ ಕಡಲು. ಅದರ ಮೇಲೆ ಎರಡು ಹಾಯಿಹಡಗುಗಳು ಎದುರುಬದುರಾಗಿ ನಿಂತಿವೆ. ದಾಳ ಉರುಳುತ್ತದೆ. ಅಳತೆಪಟ್ಟಿ ಹಿಡಿದು ದೂರ ಅಳೆದು ಹಡಗನ್ನು ಸರಿಸುತ್ತಾರೆ. ಫಿರಂಗಿಗಳು ‘ಗುಡುಗುತ್ತವೆ’. ಆಡುತ್ತಿರುವವರು ಮಕ್ಕಳಲ್ಲ, ತಲೆ ನರೆತ ದೊಡ್ಡವರು!

ಇಂಗ್ಲೆಂಡ್, ಅಮೆರಿಕಗಳಲ್ಲಿ ‘ವಾರ್‌ಗೇಮ್’ ಎಂದು ಕರೆಯುವ ಈ ಆಟ ಚದುರಂಗದ ದೂರದ ನೆಂಟ. ಆದರೆ ಇಲ್ಲಿ ಮನೆಗಳಿಲ್ಲ; ಕಾಯಿಗಳ ಬದಲು ಬಣ್ಣ ಬಳಿದ ಪುಟಾಣಿ ಗೊಂಬೆಗಳು. ನೆಲದ ಯುದ್ಧವಾದರೆ ಗೊಂಬೆಗಳನ್ನು ಮೇಜಿನ ಮೇಲೆ ನಿಲ್ಲಿಸಿದರಾಯಿತು. ಕಡಲ ಯುದ್ಧವಾದರೆ ಅವನ್ನು ಹಡಗಿನೊಳಗೆ ನಿಲ್ಲಿಸಬೇಕು. ತೊಡಕು ಶುರುವಾಗುವುದು ಅಲ್ಲೇ.

ನಾವಿಕರಿಲ್ಲದ ಹಡಗುಗಳು

1898ರಲ್ಲಿ ಬ್ರಿಟನ್ನಿನ ಫ್ರೆಡ್ ಟಿ. ಜೇನ್ ನೌಕಾಯುದ್ಧದ ಆಟವೊಂದನ್ನು ಪ್ರಕಟಿಸಿದ. ಜಗತ್ತಿನ ಯುದ್ಧನೌಕೆಗಳ ವಿವರ ನೀಡುವ ಅವನ ಪ್ರಸಿದ್ಧ ಗ್ರಂಥ ಅದೇ ವರ್ಷ ಹೊರಬಂದದ್ದು ಈ ಆಟದ ಜೊತೆಜೊತೆಗೇ. ಅದರಲ್ಲಿ ಹಡಗುಗಳಿದ್ದವು, ನಾವಿಕರಿರಲಿಲ್ಲ. ಕಾರಣ ಸರಳ: ಗಾತ್ರ.

ನೆಲ್ಸನ್‌ನ ‘ವಿಕ್ಟರಿ’ ಹಡಗನ್ನೇ ನೋಡೋಣ. ಅದರ ಫಿರಂಗಿ ಅಂತಸ್ತಿನ ಉದ್ದ 186 ಅಡಿ, ಅಂದರೆ ಸುಮಾರು 57 ಮೀಟರ್. 700ರಲ್ಲಿ ಒಂದು ಪಾಲಿಗೆ ಇಳಿಸಿದರೆ 8 ಸೆಂಟಿಮೀಟರ್ ಆಗುತ್ತದೆ, ಅಂಗೈಯಲ್ಲಿ ಹಿಡಿಯಬಹುದು. ಆದರೆ ಅದೇ ಪ್ರಮಾಣದಲ್ಲಿ ಮನುಷ್ಯ ಎರಡೂವರೆ ಮಿಲಿಮೀಟರ್ ಕೂಡ ಇರುವುದಿಲ್ಲ. ಇಂಥ ಆಟಗಳಲ್ಲಿ ನಾವಿಕರು ಕಾಗದದ ಮೇಲಿನ ಅಂಕಿಗಳು ಮಾತ್ರ.

ನಾವಿಕರು ಕಣ್ಣಿಗೆ ಕಾಣಬೇಕೆಂದರೆ ಪ್ರಮಾಣ ಹಿಗ್ಗಿಸಬೇಕು. 17ನೇ ಶತಮಾನದ ಕೆರಿಬಿಯನ್ ಕಡಲುಗಳ್ಳರ ಕತೆಯುಳ್ಳ ‘ಬ್ಲಡ್ ಅಂಡ್ ಪ್ಲಂಡರ್’ನಂಥ ಆಟಗಳಲ್ಲಿ ಬಳಸುವುದು 28 ಮಿಲಿಮೀಟರ್ ಗೊಂಬೆಗಳನ್ನು. ಪಾದದಿಂದ ಕಣ್ಣಿನವರೆಗಿನ ಅಳತೆ ಅದು. ಲೆಕ್ಕ ಹಾಕಿದರೆ ಪ್ರಮಾಣ ಸುಮಾರು 56ರಲ್ಲಿ ಒಂದು. ಈಗ ‘ವಿಕ್ಟರಿ’ ಒಂದು ಮೀಟರ್ ಉದ್ದ, 28 ಸೆಂಟಿಮೀಟರ್ ಅಗಲ. ಅರ್ಧ ಮೇಜನ್ನು ಅದೊಂದೇ ನುಂಗಿತು!

ಜಾಗ ತಿನ್ನುವ ಪೀಠ

ಆದ್ದರಿಂದ ಆಟಗಾರರು ಚಿಕ್ಕ ಹಡಗುಗಳತ್ತ ಹೊರಳುತ್ತಾರೆ. 18 ಮೀಟರ್ ಉದ್ದ, ಐದೂವರೆ ಮೀಟರ್ ಅಗಲದ ಸ್ಲೂಪ್ ಎಂಬ ಹಾಯಿಹಡಗು ಈ ಪ್ರಮಾಣದಲ್ಲಿ 32 ಸೆಂಟಿಮೀಟರ್ ಉದ್ದ, ಸುಮಾರು 10 ಸೆಂಟಿಮೀಟರ್ ಅಗಲವಾಗುತ್ತದೆ. ಬೀಳದಂತೆ ನಿಲ್ಲಲು ಗೊಂಬೆಯ ಕಾಲಡಿ ಒಂದು ದುಂಡು ಪೀಠವಿರುತ್ತದೆ, ಸಾಮಾನ್ಯವಾಗಿ 25 ಮಿಲಿಮೀಟರ್ ಅಗಲ. ಅಡ್ಡಸಾಲಿಗೆ ನಾಲ್ಕು ಗೊಂಬೆ ಹಿಡಿಸಬೇಕು. ಎರಡೂ ಬದಿಗೆ ಮೂರು ಮೂರು ಸೆಂಟಿಮೀಟರಿನ ಫಿರಂಗಿ ಇಟ್ಟರೆ? ನಡುವೆ ಉಳಿಯುವುದು ನಾಲ್ಕು ಸೆಂಟಿಮೀಟರ್. ಒಬ್ಬ ನಿಲ್ಲಬಹುದು, ಇಬ್ಬರು ನಿಲ್ಲಲಾರರು.

ಇಲ್ಲೊಂದು ಸ್ವಾರಸ್ಯವಿದೆ. 25 ಮಿಲಿಮೀಟರ್ ಪೀಠವನ್ನು 56ರಿಂದ ಗುಣಿಸಿದರೆ ಒಂದು ಮೀಟರ್ 40 ಸೆಂಟಿಮೀಟರ್. ಬ್ರಿಟಿಷ್ ಯುದ್ಧನೌಕೆಯಲ್ಲಿ ನಾವಿಕನೊಬ್ಬನ ಜೋಲಿ ಕಟ್ಟಲು ಕೊಡುತ್ತಿದ್ದ ಅಗಲ ಎಷ್ಟು ಗೊತ್ತೆ? 14 ಅಂಗುಲ, ಅಂದರೆ 36 ಸೆಂಟಿಮೀಟರಿಗೂ ಕಡಿಮೆ. ನಿಜವಾದ ನಾವಿಕನಿಗೆ ಸಿಕ್ಕಿದ್ದರ ನಾಲ್ಕು ಪಟ್ಟು ಜಾಗವನ್ನು ಅವನ ಗೊಂಬೆ ಕೇಳುತ್ತದೆ!

ಬೈರಿಗೆ ಮತ್ತು ಅಯಸ್ಕಾಂತ

ಪರಿಹಾರಗಳು ಹಲವು. ಪೀಠ ಕಿತ್ತು, ಗೊಂಬೆಯ ಪಾದಕ್ಕೆ ಸಣ್ಣ ಕೈಬೈರಿಗೆಯಿಂದ ತೂತು ಕೊರೆದು ಗುಂಡುಸೂಜಿಯ ತುಂಡು ಸಿಕ್ಕಿಸುವುದು ಒಂದು. ಡೆಕ್ಕಿನಲ್ಲಿ ಅದಕ್ಕೆ ತಕ್ಕ ತೂತುಗಳಿದ್ದರೆ ಗೊಂಬೆ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ತೂತಿರುವಲ್ಲಿ ಮಾತ್ರ. ಅಂಟಿನಿಂದ ಅಂಟಿಸಿಬಿಟ್ಟರೆ ನೋಡಲು ಚೆಂದ, ಆಟಕ್ಕೆ ಕೆಡುಕು. ಸತ್ತವನನ್ನು ತೆಗೆಯುವುದು ಹೇಗೆ?

ಹಡಗಿನ ಡೆಕ್ಕು ಮುಂದಕ್ಕೂ ಹಿಂದಕ್ಕೂ ಏರಿರುವುದರಿಂದ ಬರಿದೇ ಇಟ್ಟ ಗೊಂಬೆಗಳು ಹಡಗು ಸರಿಸಿದಾಗ ಜಾರುತ್ತವೆ. ಇದಕ್ಕೆ ನಿಯೋಡೈಮಿಯಂ ಅಯಸ್ಕಾಂತದ ಪುಟ್ಟ ಬಿಲ್ಲೆ ಒಳ್ಳೆಯ ಮದ್ದು. ಆದರೆ ಡೆಕ್ಕಿಗೂ ಗೊಂಬೆಗೂ ಅಯಸ್ಕಾಂತ ಅಂಟಿಸುವಾಗ ಧ್ರುವ ತಪ್ಪಿದರೆ, ಗೊಂಬೆ ನಿಲ್ಲುವ ಬದಲು ಹಡಗಿನಿಂದ ನೆಗೆಯುತ್ತದೆ. ಸಜಾತೀಯ ಧ್ರುವಗಳ ವಿಕರ್ಷಣೆಯನ್ನು ಯಾರೂ ಮರೆಯುವಂತಿಲ್ಲ. ಡೆಕ್ಕಿನಡಿ ತೆಳು ಉಕ್ಕಿನ ಹಾಳೆ, ಗೊಂಬೆಯಡಿ ಮಾತ್ರ ಅಯಸ್ಕಾಂತ ಇದ್ದರೆ ಈ ಗೋಜಿಲ್ಲ.

ಇನ್ನು ಬೆರಳುಗಳ ಪ್ರಶ್ನೆ. ಹಡಗಿನ ಹಗ್ಗಗಳನ್ನೆಲ್ಲ ನಿಜದಂತೆ ಬಿಗಿದರೆ ಆಟಗಾರನ ಕೈ ಒಳಗೆ ಹೋಗದು. ಹಾಗಾಗಿ ಹಾಯಿಕಂಬಗಳನ್ನು ಕಳಚುವಂತೆ ಮಾಡುತ್ತಾರೆ, ಹಗ್ಗಗಳನ್ನು ಕಡಿಮೆ ಮಾಡುತ್ತಾರೆ. ಕಂಬದ ಮೇಲಿನ ಅಟ್ಟಣೆಯಲ್ಲೂ ಬಂದೂಕುಧಾರಿಗಳು ಬೇಕು. 1805ರ ಅಕ್ಟೋಬರ್ 21ರಂದು ಟ್ರಫಾಲ್ಗರ್ ಕದನದಲ್ಲಿ ನೆಲ್ಸನ್‌ನ ಜೀವ ತೆಗೆದ ಗುಂಡು ಬಂದದ್ದು ಫ್ರೆಂಚ್ ಹಡಗು ‘ರೆದುತಾಬ್ಲ್’ನ ಹಿಂಗಂಬದ ಅಟ್ಟಣೆಯಿಂದ. ಅಲ್ಲಿಗೆ ಲೋಹದ ಗೊಂಬೆ ಏರಿಸಿದರೆ ತೆಳು ಕಂಬ ಬಾಗೀತು. ಹಗುರ ಪ್ಲಾಸ್ಟಿಕ್ ಗೊಂಬೆಯೇ ಲೇಸು.

ಕೆಲವೊಮ್ಮೆ ಹಡಗೇ ನೆರವಿಗೆ ಬರುತ್ತದೆ. ಪ್ರಾಚೀನ ಅಥೆನ್ಸಿನ ಟ್ರೈರೀಮ್ ಯುದ್ಧನೌಕೆಯಲ್ಲಿ ಇನ್ನೂರು ಜನರಿದ್ದರು. ಅವರಲ್ಲಿ 170 ಮಂದಿ ಮೂರು ಸಾಲುಗಳಲ್ಲಿ ಕುಳಿತು ಹುಟ್ಟು ಹಾಕುವವರು. ಡೆಕ್ಕಿನ ಕೆಳಗಿರುವ ಅವರ ಗೊಂಬೆ ಬೇಕಿಲ್ಲ, ಹುಟ್ಟುಗಳನ್ನು ಅಂಟಿಸಿದರೆ ಸಾಕು. ಮೇಲೆ ನಿಲ್ಲುವ ಹತ್ತು ಭರ್ಜಿಯವರು, ನಾಲ್ವರು ಬಿಲ್ಲುಗಾರರು, ಒಂದಿಷ್ಟು ನಾವಿಕರಿಗೆ ಜಾಗ ಸಿಕ್ಕೀತು.

ಬರಿದಾಗುವ ಡೆಕ್ಕು

ಕೊನೆಯ ಉಪಾಯ ಲೆಕ್ಕದ್ದು. ಟ್ರಫಾಲ್ಗರ್‌ನಲ್ಲಿ ‘ವಿಕ್ಟರಿ’ಯಲ್ಲಿದ್ದವರು ಸುಮಾರು 820 ಜನ. ಅಷ್ಟೂ ಗೊಂಬೆಗಳನ್ನು ಪೀಠಸಹಿತ ಒತ್ತೊತ್ತಾಗಿ ನಿಲ್ಲಿಸಲು 5,000 ಚದರ ಸೆಂಟಿಮೀಟರಿಗೂ ಹೆಚ್ಚು ಜಾಗ ಬೇಕು. ಮೇಲ್ಡೆಕ್ಕಿನಲ್ಲಿ 2,800 ಕೂಡ ಇಲ್ಲ. ಆದರೆ ಒಂದು ಗೊಂಬೆ ಇಪ್ಪತ್ತು ಜನಕ್ಕೆ ಸಮ ಎಂದಿಟ್ಟುಕೊಂಡರೆ ಬೇಕಾದದ್ದು ಬರೀ 41.

ಇಷ್ಟೆಲ್ಲ ತಾಪತ್ರಯ ಏಕೆ, ಅಂಕಿಗಳೇ ಸಾಲದೆ ಎಂದು ಕೇಳಬಹುದು. ಆ ದಿನ ‘ವಿಕ್ಟರಿ’ಯಲ್ಲಿ 57 ಮಂದಿ ಸತ್ತರು, 102 ಮಂದಿ ಗಾಯಗೊಂಡರು. ಕಾಗದದಲ್ಲಾದರೆ ಅದು ಒಂದು ಕಳೆಯುವ ಲೆಕ್ಕ. ಮೇಜಿನ ಮೇಲಾದರೆ, ವಾರಗಟ್ಟಲೆ ಕೂತು ಬಣ್ಣ ಬಳಿದ 41 ಗೊಂಬೆಗಳಲ್ಲಿ ಎಂಟನ್ನು ಆಟಗಾರ ತನ್ನ ಬೆರಳಿನಿಂದಲೇ ಒಂದೊಂದಾಗಿ ಎತ್ತಿ ಪಕ್ಕಕ್ಕಿಡಬೇಕು. ಫಿರಂಗಿ ಅಲ್ಲೇ ಇರುತ್ತದೆ, ಅದರ ಬಳಿ ಯಾರೂ ಇರುವುದಿಲ್ಲ. ಹಡಗೆಂದರೆ ಮರ, ಹಾಯಿ, ಹಗ್ಗವಲ್ಲ, ಅದರೊಳಗಿನ ಜನ ಎಂಬುದು ಆಗ ತಾನಾಗಿ ತಿಳಿಯುತ್ತದೆ.