ಆರು ಆವರ್ತನದ ಬ್ಲೂಸ್

ಹೈದರಾಬಾದ್ ಮೆಟ್ರೋದ ಕೆಂಪು ಮಾರ್ಗ ಶುರುವಾಗುವುದೇ ನಮ್ಮ ಮಿಯಾಪುರದಿಂದ. ಇಲ್ಲಿ ಹತ್ತಿದವರಿಗೆ ಕೂರಲು ಜಾಗ ಸಿಗುತ್ತದೆ. ಮಡಿಲಲ್ಲಿ ಸ್ಯಾಕ್ಸೋಫೋನಿನ ಪೆಟ್ಟಿಗೆ ಇಟ್ಟುಕೊಂಡು ಹೋಗುವ ನನಗೆ ಅದು ದೊಡ್ಡ ಉಪಕಾರ. ಪ್ರತಿ ಶನಿವಾರ ಸಂಜೆ ನಾಲ್ಕು ಜನ ಸೇರಿ ಜಾಝ್ ನುಡಿಸುವ ಕೋಣೆಗೆ ನಾನು ಹೊರಡುವುದು ಹೀಗೆ.

ನಾನು ಬಂಟ್ವಾಳದ ಕಡೆಯವನು. ಅಪ್ಪ ದೇವಸ್ಥಾನದ ಉತ್ಸವಗಳಲ್ಲಿ, ಮದುವೆಗಳಲ್ಲಿ ಸ್ಯಾಕ್ಸೋಫೋನ್ ನುಡಿಸುತ್ತಾರೆ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಈ ವಾದ್ಯ ನಮ್ಮೂರ ದೇವರ ಮುಂದೆ ಗೌರವದಿಂದ ನಿಂತದ್ದಕ್ಕೆ ಮುಖ್ಯ ಕಾರಣ ಕದ್ರಿ ಗೋಪಾಲನಾಥರು. ನಾಗಸ್ವರದ ಮನೆತನದಲ್ಲಿ ಹುಟ್ಟಿದ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದರು. ಗಮಕ ಅದರಲ್ಲಿ ಮೂಡುವವರೆಗೆ ವರ್ಷಗಟ್ಟಲೆ ದುಡಿದರು. 1980ರಲ್ಲಿ ಮುಂಬಯಿಯ ಜಾಝ್ ಯಾತ್ರಾ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಅವರೊಡನೆ ವೇದಿಕೆ ಹಂಚಿಕೊಂಡರು. ನಮ್ಮ ಮನೆಯ ಗೋಡೆಯಲ್ಲಿ ಅವರ ಪಟವಿದೆ. ಆದರೂ ಜಾಝ್ ಎಂದರೇನೆಂದು ಕೆಲಸಕ್ಕಾಗಿ ಇಲ್ಲಿಗೆ ಬರುವವರೆಗೆ ನನಗೆ ತಿಳಿದಿರಲಿಲ್ಲ.

ರಾತ್ರಿ ಪಾಳಿ ಮುಗಿಸಿ ಬಂದ ಒಂದು ಬೆಳಗ್ಗೆ, ಕದ್ರಿಯವರು ರುದ್ರೇಶ್ ಮಹಾಂತಪ್ಪ ಜೊತೆ ನುಡಿಸಿದ 2008ರ ‘ಕಿನ್ಸ್‌ಮೆನ್’ ಆಲ್ಬಂ ಕಿವಿಗೆ ಬಿತ್ತು. ಹೆಸರು ಕೇಳಿದರೆ ನಮ್ಮವರೇ ಅನ್ನಿಸುವ ಮಹಾಂತಪ್ಪ ಅಮೆರಿಕದಲ್ಲಿ ಬೆಳೆದ ಜಾಝ್ ವಾದಕ. ಎರಡೂ ಒಂದೇ ಬಗೆಯ ಆಲ್ಟೋ ಸ್ಯಾಕ್ಸೋಫೋನ್. ಒಂದು ಸ್ವರದಿಂದ ಸ್ವರಕ್ಕೆ ಜಾರುತ್ತದೆ, ಇನ್ನೊಂದು ಚಿಮ್ಮುತ್ತದೆ. ನಿದ್ದೆ ಹಾರಿಹೋಯಿತು.

ಮೊದಲ ಸಲ ಜಾಝ್ ನುಡಿಸುವವರ ನಡುವೆ ಕೂತಾಗ ನನಗೆ ಧೈರ್ಯವಿತ್ತು. ಕಲ್ಪನಾಸ್ವರ ಹಾಕಿ ಬೆಳೆದವನು, ಆಶುವಾಗಿ ನುಡಿಸುವುದು ನನಗೆ ಹೊಸದೇ? ಹನ್ನೆರಡು ಬಾರ್‌ಗಳ ಬ್ಲೂಸ್ ಎಂದರು. ಅರ್ಧ ನಿಮಿಷದಲ್ಲಿ ದಾರಿ ತಪ್ಪಿತು. ನಮ್ಮಲ್ಲಿ ಷಡ್ಜ ಅಲುಗುವುದಿಲ್ಲ. ತಂಬೂರಿಯ ಶ್ರುತಿ ನೆಲದ ಹಾಗೆ ಕೆಳಗಿರುತ್ತದೆ. ಅಲ್ಲಿ ನೆಲವೇ ಸರಿಯುತ್ತಿತ್ತು. ಪಿಯಾನೋದವನು ಹಿಡಿಯುವ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಬದಲಾದ ಕೂಡಲೇ ನನ್ನ ಒಳ್ಳೆಯ ಸ್ವರವೂ ಅಪಸ್ವರವಾಗುತ್ತಿತ್ತು. ವಾದ್ಯ ಕೆಳಗಿಟ್ಟುಬಿಟ್ಟೆ.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಜಾಝ್ ಹೆಸರು ಮಾತ್ರ ಕೇಳಿದ್ದ ಅವರು ಕೇಳಿದ್ದು ಒಂದೇ ಪ್ರಶ್ನೆ: “ಒಂದು ಸುತ್ತಿಗೆ ಎಷ್ಟು ಅಕ್ಷರ?”

“ಹನ್ನೆರಡು ಬಾರ್, ಬಾರಿಗೆ ನಾಲ್ಕು. ನಲವತ್ತೆಂಟು ಅಪ್ಪ.”

“ಹಾಗಾದ್ರೆ ಆದಿತಾಳ ಆರು ಆವರ್ತನ. ಅದಕ್ಕೆ ಎಂತ ಹೆದರಿಕೆ? ನೀನು ಕೈಯಲ್ಲಿ ತಾಳ ಬಿಟ್ಟದ್ದು ಯಾಕೆ?”

ಕೋಣೆಯಲ್ಲಿ ತೊಡೆಯ ಮೇಲೆ ತಾಳ ಹಾಕುತ್ತಾ ಬ್ಲೂಸನ್ನು ಮತ್ತೆ ಆಲಿಸಿದೆ. ಮೊದಲ ಎರಡು ಆವರ್ತನ ಷಡ್ಜದ ಕಾರ್ಡ್. ಮೂರನೆಯದರ ಸಮಕ್ಕೆ, ಅಂದರೆ ಮೊದಲ ಪೆಟ್ಟಿಗೆ, ಸರಿಯಾಗಿ ಶುದ್ಧ ಮಧ್ಯಮದ ಕಾರ್ಡ್. ನಾಲ್ಕನೆಯದಕ್ಕೆ ಮರಳಿ ಮನೆಗೆ. ಐದರ ಸಮಕ್ಕೆ ಪಂಚಮ, ಆರಕ್ಕೆ ಮತ್ತೆ ಷಡ್ಜ. ನುಡಿಸುವವರು ನಡುವೆ ಬೇರೆ ಕಾರ್ಡ್‌ಗಳನ್ನು ಸೇರಿಸುತ್ತಾರೆ, ಆದರೆ ಕಟ್ಟಡದ ಕಂಬಗಳು ಇವೇ. ಸ್ವಿಂಗ್ ಎಂಬ ಆ ತೂಗುವ ನಡೆಯೂ ಹೀಗೇ ಬಿಡಿಸಿಕೊಂಡಿತು. ‘ತಕಿಟ’ ಎನ್ನುವಾಗ ‘ತ’ವನ್ನು ‘ಕಿ’ಯವರೆಗೂ ಎಳೆದು ‘ಟ’ದಲ್ಲಿ ಮುಂದಿನ ಸ್ವರ ಹಿಡಿಯಬೇಕು. ಲೆಕ್ಕ ಇಷ್ಟು, ಉಳಿದದ್ದು ಕೇಳಿ ಕೇಳಿ ಬರಬೇಕು.

ನನ್ನ ಗಮಕ ಅಡ್ಡಿಯೇ ಆಗಲಿಲ್ಲ ಎನ್ನುವುದನ್ನು ಹೇಳಲೇಬೇಕು. ಬ್ಲೂಸ್‌ನ ಗಾಂಧಾರ ಸಾಧಾರಣವೂ ಅಲ್ಲ, ಅಂತರವೂ ಅಲ್ಲ, ಎರಡರ ನಡುವೆ ನೋಯುತ್ತಾ ನಿಲ್ಲುತ್ತದೆ. ಪಿಯಾನೋದ ಮನೆಗಳಲ್ಲಿ ಆ ಜಾಗವೇ ಇಲ್ಲ. ತುಟಿಯನ್ನು ರೀಡಿನ ಮೇಲೆ ತುಸು ಸಡಿಲಿಸಿ ನಾನು ಅದನ್ನು ಹಿಡಿದ ದಿನ ಬಾಸ್ ನುಡಿಸುವ ಅಣ್ಣ ತಲೆಯೆತ್ತಿ ನೋಡಿ, ಅದೇ ಸ್ವರವನ್ನು ನನಗೆ ಮರಳಿ ನುಡಿಸಿದರು. ಅವತ್ತಿನಿಂದ ನಾನು ಆ ಗುಂಪಿನವನಾದೆ. ಜಾಝ್ ಕಲಿಯಲು ಮನೆಯ ಸಂಗೀತ ಮರೆಯಬೇಕೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಈಗ ಮುಂಜಾನೆ ಮಿಯಾಪುರದ ಕೆರೆಯ ಕಡೆ ಹೋಗಿ ಸಾಧನೆ ಮಾಡುತ್ತೇನೆ. ಫ್ಲಾಟಿನಲ್ಲಿ ನುಡಿಸಿದರೆ ಪಕ್ಕದ ಮನೆಯ ಮಗು ಏಳುತ್ತದೆ. ರೀಡನ್ನು ನಾಲಗೆಯ ಮೇಲಿಟ್ಟು ನೆನೆಸುತ್ತಾ ನಡೆದರೆ ಕೆರೆ ತಲುಪುವಷ್ಟರಲ್ಲಿ ಅದು ಹದಕ್ಕೆ ಬಂದಿರುತ್ತದೆ. ಮೊದಲು ಉದ್ದ ಸ್ವರಗಳು, ಆಮೇಲೆ ಒಂದು ವರ್ಣ, ಕೊನೆಗೆ ಬ್ಲೂಸ್.

ನೀವೂ ಒಮ್ಮೆ ಚಾರ್ಲಿ ಪಾರ್ಕರ್ 1945ರಲ್ಲಿ ಧ್ವನಿಮುದ್ರಿಸಿದ ‘ನೌಸ್ ದ ಟೈಮ್’ ಹಾಕಿಕೊಂಡು ಕೂರಿ. ಮುಖ್ಯ ಮಟ್ಟು ಶುರುವಾದ ಕಡೆಯಿಂದ ಆದಿತಾಳ ಹಾಕಿ. ಮೂರನೆಯ ಆವರ್ತನದ ಸಮದಲ್ಲಿ ನೆಲ ಸರಿಯುವುದು ನಿಮ್ಮ ಕಿವಿಗೂ ಕೇಳುತ್ತದೆ.