ಬದುವಿನಾಚೆ ನಿಂತರೆ ಫೋಟೊ ಬರುವುದಿಲ್ಲ

ಮಳೆ ಬಿಡುವು ಕೊಟ್ಟಿದೆ. ಗೊಟಗೋಡಿಯ ಸುತ್ತಲಿನ ಹೊಲಗಳಲ್ಲಿ ಗೋವಿನಜೋಳ ಎದೆಮಟ್ಟ ಎದ್ದು ನಿಂತಿದೆ. ಚಪ್ಪಲಿ ಬದುವಿನ ಮೇಲೆ ಬಿಟ್ಟು, ಧೋತರ ಎತ್ತಿಕಟ್ಟಿದ ಹಿರಿಯರೊಬ್ಬರು ಸಾಲಿನೊಳಗೆ ಇಳಿಯುತ್ತಾರೆ. ಹಿಂದೆ, ಬಿಸಿಲಿಗೆ ಅಂಗೈ ಮರೆಮಾಡಿ ಮೊಬೈಲ್ ನೋಡುತ್ತಾ ಊರ ಹುಡುಗ.

“ಕಾಕಾ, ಇನ್ನೊಂಚೂರು ಒಳಗ ಬರ್ರಿ. ಬದು ದಾಟಿದ್ರ ಇದು ಫೋಟೊ ತಗೊಳ್ಳೂದಿಲ್ಲ.”

ಪರದೆಯ ಮೇಲೆ ಸರ್ವೆ ನಂಬರಿನ ಗಡಿ ಗೆರೆಯಾಗಿ ಮೂಡಿದೆ. ಆ ಗೆರೆಯೊಳಗೆ ನಿಂತೇ ಬೆಳೆಯ ಹೆಸರು ಆರಿಸಬೇಕು, ಎಕರೆ–ಗುಂಟೆ ತುಂಬಬೇಕು, ಚಿತ್ರ ಹಿಡಿಯಬೇಕು. ಹುಡುಗ ಗೋವಿನಜೋಳ ಒತ್ತಿ ಮುಂದೆ ಹೋಗುವಷ್ಟರಲ್ಲಿ ಹಿರಿಯರು ತಡೆಯುತ್ತಾರೆ. “ನಡುವ ತೊಗರಿ ಅಕ್ಕಡಿ ಐತೆಲ್ಲೋ ತಮ್ಮಾ, ಅದನ್ನೂ ಹಾಕು.” ಹುಡುಗ ಹಿಂದಕ್ಕೆ ಹೋಗಿ ಮಿಶ್ರ ಬೆಳೆ ಎಂದು ತಿದ್ದುತ್ತಾನೆ. ತೊಗರಿಯ ಸಾಲು ಎಲ್ಲಿಂದ ಎಲ್ಲಿಯವರೆಗೆ ಎಂದು ಹಿರಿಯರು ಕೈ ಚಾಚಿ ತೋರಿಸುತ್ತಾರೆ.

ರೈತರೇ ತಮ್ಮ ಬೆಳೆ ದಾಖಲಿಸಲೆಂದು ರಾಜ್ಯ ಸರ್ಕಾರ ಬೆಳೆ ಸಮೀಕ್ಷೆ ಆ್ಯಪ್ ತಂದದ್ದು 2020ರ ಮುಂಗಾರಿನಲ್ಲಿ. ಆ್ಯಪ್ ಬಂದ ಮಾತ್ರಕ್ಕೆ ಯಾರೂ ಹೊಲಕ್ಕೆ ಇಳಿಯುವುದಿಲ್ಲ. ಪಹಣಿ ಉತಾರದಲ್ಲಿ ಒಂದು ಬೆಳೆ, ಹೊಲದಲ್ಲಿ ಇನ್ನೊಂದು ಇದ್ದರೆ ವಿಮೆಗೆ ತೊಡಕು, ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ತೊಡಕು, ಬೆಳೆಹಾನಿ ಪರಿಹಾರಕ್ಕೂ ತೊಡಕು. ಇಷ್ಟು ತಿಳಿದ ಮನುಷ್ಯ ಯಾರ ಒತ್ತಾಯಕ್ಕೂ ಕಾಯುವುದಿಲ್ಲ. ತಪ್ಪು ದಾಖಲಾದರೆ ಬೆಳೆ ದರ್ಶಕ್ ಆ್ಯಪ್‌ನಲ್ಲಿ ನೋಡಿ ಆಕ್ಷೇಪಣೆ ಸಲ್ಲಿಸಲು ಬರುತ್ತದೆ ಎಂಬುದೂ ನನ್ನ ಕಣ್ಣಿಗೆ ಸಣ್ಣ ಸಂಗತಿಯಲ್ಲ. ಕೇಳುವ ಹಕ್ಕು ಇದ್ದಲ್ಲೇ ಪಾಲ್ಗೊಳ್ಳುವ ಹುರುಪು ಹುಟ್ಟುತ್ತದೆ.

ತಾವೇ ಸಮೀಕ್ಷೆ ಮಾಡಲಾಗದವರ ಹೊಲಕ್ಕೆ ಹೋಗುವ ಇಂಥ ಹುಡುಗರನ್ನು ಸರ್ಕಾರ ‘ಖಾಸಗಿ ನಿವಾಸಿ’ ಎನ್ನುತ್ತದೆ. ತಾಕಿಗೆ ಇಷ್ಟು ಎಂದು ಸಂಭಾವನೆ. ಹಂಗಾಮಿನ ಈ ದುಡಿಮೆ ದೊಡ್ಡದಲ್ಲ. ಆದರೆ ಊರಿನ ಮೊಬೈಲ್ ಜಾಣ್ಮೆಗೆ ಊರಲ್ಲೇ ಬೆಲೆ ಸಿಕ್ಕಿತಲ್ಲ, ಅದು ನನಗೆ ಮುಖ್ಯ.

ಊರಿನ ಬದುಕನ್ನೇ ಬಂಡವಾಳ ಮಾಡಿಕೊಳ್ಳುವುದು ಗೊಟಗೋಡಿಗೆ ಹೊಸದೂ ಅಲ್ಲ. ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲೇ ಉತ್ಸವ ರಾಕ್ ಗಾರ್ಡನ್ ಇದೆ. ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪನೆಯಲ್ಲಿ ಒಕ್ಕಲುತನ, ಕಸುಬುಗಳು, ಹಬ್ಬಗಳೆಲ್ಲ ಆಳೆತ್ತರದ ಸಿಮೆಂಟ್ ಶಿಲ್ಪಗಳಾಗಿ ನಿಂತಿವೆ. ಜನ ಟಿಕೆಟ್ ಕೊಂಡು ಹಳ್ಳಿ ನೋಡಲು ಬರುತ್ತಾರೆ. 2011ರಲ್ಲಿ ಆರಂಭವಾದ ಜಾನಪದ ವಿಶ್ವವಿದ್ಯಾಲಯವೂ ಇದೇ ಊರಲ್ಲಿದೆ.

ಹೊಲದಲ್ಲಿ ಸಿಗ್ನಲ್ ಕೈಕೊಟ್ಟಿದೆ. ಫೋಟೊ ಮೊಬೈಲಿನಲ್ಲೇ ಉಳಿದಿದೆ. “ಊರಾಗ ಹೋಗಿ ಕಳಸ್ತೀನಿ ಬಿಡ್ರಿ” ಎನ್ನುತ್ತಾನೆ ಹುಡುಗ. ಹಿರಿಯರು ಒಪ್ಪುವುದಿಲ್ಲ. “ಹೋತು ಅಂತ ಬರೂಮಟಾ ನಾನೂ ನಿನ್ನ ಕೂಡ ಬರ್ತೀನಿ ನಡಿ” ಎಂದು ಚಪ್ಪಲಿ ಮೆಟ್ಟುತ್ತಾರೆ.