ವಚನದ ಸೊಲ್ಲಿಗೆ ಕಾಯುವ ಮಿದುಳು

ಕುರುಗೋಡಿನ ದೊಡ್ಡಬಸವೇಶ್ವರನ ಸನ್ನಿಧಿಯಲ್ಲಾಗಲಿ, ಸಿರುಗುಪ್ಪ, ಬಳ್ಳಾರಿಯ ಮನೆಗಳಲ್ಲಾಗಲಿ ಬಲ್ಲ ವಚನವೊಂದನ್ನು ಹಾಡುತ್ತಿದ್ದರೆ, ಮುಂದಿನ ಸೊಲ್ಲು ಬರುವ ಮೊದಲೇ ನಮ್ಮ ಮನಸ್ಸು ಅದಕ್ಕಾಗಿ ಕಾಯುತ್ತಿರುತ್ತದೆ. ಈ ಕಾಯುವಿಕೆಯಲ್ಲಿಯೂ ಸುಖವುಂಟು.

2011ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು, ಮೆಚ್ಚಿನ ಸಂಗೀತವನ್ನು ಆಲಿಸುವವರ ಮಿದುಳನ್ನು ಪರೀಕ್ಷಿಸಿದರು. ರುಚಿಯಾದ ಊಟವು ಹಿತವೆನಿಸಿದಾಗ ಸ್ರವಿಸುವ ಡೋಪಮಿನ್ ಎಂಬ ರಾಸಾಯನಿಕವೇ ಆಗಲೂ ಸ್ರವಿಸುತ್ತಿತ್ತು. ಮೈನವಿರೇಳುವ ಗಳಿಗೆಯಲ್ಲಿ ಒಂದು ಭಾಗದಲ್ಲಿ, ಅದಕ್ಕೆ ಮುಂಚಿನ ನಿರೀಕ್ಷೆಯಲ್ಲಿ ಇನ್ನೊಂದು ಭಾಗದಲ್ಲಿ.

ಆದರೆ ಎಂದೂ ಕೇಳದ ಸೊಲ್ಲಿಗಾಗಿ ಕಾಯುವವರಾರು? ಮಲ್ಲಿಕಾರ್ಜುನ ಮನ್ಸೂರರ ವಚನಗಾಯನಕ್ಕೆ ಹಿರಿಯರು ತಲೆದೂಗುವರು. ಕೇಳಿ ಬಲ್ಲವರಿಗೆ ಆ ಸುಖ ಇಮ್ಮಡಿ. ಅದನ್ನು ಮಕ್ಕಳಿಗೆ ದಾಟಿಸಬೇಕಾದವರು ನಾವೇ. ಸಂಜೆಯ ಪೂಜೆಯಾದ ಬಳಿಕ ಮನೆಮಂದಿಯೆಲ್ಲ ಕುಳಿತು ದಿನಕ್ಕೊಂದು ವಚನ ಹಾಡೋಣ.